ಮಸಿಬಟ್ಟೆಯ ಒಡಲು

ಶಾಸ್ತ್ರಗ್ರಂಥಗಳ ನಡುವೆ ಆಯುಷ್ಯ ಕಳೆದವರಿಗೆ ಅಡುಗೆಮನೆಯ ಮಸಿಬಟ್ಟೆಯ ಚಿಂತೆ ಏಕೆಂದು ವಾಚಕರು ಕೇಳಬಹುದು. ಕಾರಣ ನಮ್ಮ ಮನೆಯವರ ಬಲಗೈಯ ಎರಡು ಬೆರಳುಗಳ ಮೇಲಿದೆ.

ಕಳೆದ ವರ್ಷ ಜಾತ್ರೆಯೊಂದರಲ್ಲಿ ಹೂಬಳ್ಳಿಯ ಚಿತ್ತಾರವಿದ್ದ, ದಿಂಬಿನಂತೆ ಮೆತ್ತಗಿದ್ದ ಒಂದು ಜೊತೆ ಮಸಿಬಟ್ಟೆಗಳನ್ನು ನಾವೇ ಆರಿಸಿ ತಂದೆವು. ಕರಿ ಹಿಡಿದ ಹಳೆಯ ಪಂಚೆಯ ತುಂಡಿಗಿಂತ ಇವು ಲೇಸೆಂಬುದು ನಮ್ಮ ಎಣಿಕೆ. ಒಂದು ಬೆಳಗ್ಗೆ ಅವರು ಕಾದ ರೊಟ್ಟಿ ಕಾವಲಿಯನ್ನು ಅದರಿಂದ ಹಿಡಿದೆತ್ತಿದಾಗ ಬಟ್ಟೆ ಕರಗಿ ಬೆರಳಿಗೆ ಅಂಟಿಕೊಂಡಿತು. ಗಾಯಕ್ಕೆ ತಣ್ಣೀರು ಹೊಯ್ಯುತ್ತಲೇ ಅವರು ಹೇಳಿದ್ದು ಇಷ್ಟೇ: “ಚಂದ ಇದೆ ಅಂತ ತಂದ್ರಿ. ಒಳಗೆ ಏನು ತುಂಬಿದಾರೆ ಅಂತ ನೋಡಿದ್ರಾ?”

ನೋಡಿರಲಿಲ್ಲ. ಕೆಳದಿಯ ಬಸವಪ್ಪನಾಯಕನ ‘ಶಿವತತ್ತ್ವರತ್ನಾಕರ’ದಲ್ಲಿ ಪಾಕಶಾಸ್ತ್ರದ ವಿಚಾರವುಂಟು, ಪಾಠ ಹೇಳುವಾಗ ಅದನ್ನು ಎಷ್ಟೋ ಸಲ ವಿವರಿಸಿದ್ದೇವೆ. ಬಿಸಿ ಪಾತ್ರೆ ಹಿಡಿಯುವ ಕೈಯ ಕಡೆಗೆ ಮಾತ್ರ ನಮ್ಮ ಲಕ್ಷ್ಯ ಹೋಗಿರಲಿಲ್ಲ.

ಜೊತೆಯಲ್ಲಿ ಉಳಿದ ಇನ್ನೊಂದನ್ನು ಅಂದೇ ಕತ್ತರಿಸಿ ನೋಡಿದೆವು. ಒಳಗೆ ಹತ್ತಿಯಂತೆ ಕಾಣುವ ಬಿಳಿಯ ಪಾಲಿಯೆಸ್ಟರ್ ಎಳೆಗಳು, ಮೇಲುಬಟ್ಟೆಯೂ ಅದರದೇ. ಈ ವಸ್ತು ಸುಮಾರು 250ರಿಂದ 260 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗುತ್ತದೆ. ಅದಕ್ಕೂ ಮೊದಲೇ ಮೆತ್ತಗಾಗುತ್ತದೆ. ಕುದಿಯುವ ನೀರಿನ ಪಾತ್ರೆ 100 ಡಿಗ್ರಿ ದಾಟದು, ಅಲ್ಲಿ ಇದು ನಡೆದೀತು. ಗ್ಯಾಸ್ ಉರಿಯ ಮೇಲಿನ ಬರಿಯ ಕಬ್ಬಿಣದ ಕಾವಲಿ ಅಂಥದಲ್ಲ. ನೂಲಿನ ಬಟ್ಟೆ ಅತಿಯಾದ ಶಾಖಕ್ಕೆ ಕಂದೀತು, ಹೊತ್ತೀತು. ಕರಗಿ ಚರ್ಮಕ್ಕೆ ಅಂಟದು.

ಹಾಗೆಂದು ನೂಲಿನ ಬಟ್ಟೆ ಎಲ್ಲ ಕಾಲಕ್ಕೂ ಕಾಯುತ್ತದೆಂದಲ್ಲ. ಮಠದಲ್ಲಿ ಓದುತ್ತಿದ್ದಾಗ, ಹದಿನಾಲ್ಕನೆಯ ವಯಸ್ಸಿನಲ್ಲಿ, ದಾಸೋಹದ ಪಂಕ್ತಿಗೆ ಸಾರಿನ ತಪ್ಪಲೆ ಹೊರುವ ಸೇವೆ ನಮ್ಮದಾಗಿತ್ತು. ಮಳೆಯಲ್ಲಿ ನೆನೆದ ಹೆಗಲವಸ್ತ್ರವನ್ನೇ ಮಡಿಸಿ ಕಂಠಕ್ಕೆ ಸುತ್ತಿ ಎತ್ತಿದೆವು. ನಾಲ್ಕು ಹೆಜ್ಜೆಗೆ ಅಂಗೈ ಬೆಂದಿತು, ಸಾರು ನೆಲದ ಪಾಲಾಯಿತು. ಅದರ ಕಾರಣ ತಿಳಿದದ್ದು ಬಹುಕಾಲದ ಮೇಲೆ. ಬಟ್ಟೆಯ ಎಳೆಗಳ ನಡುವೆ ನಿಂತ ಗಾಳಿಯೇ ಕೈಯನ್ನು ಕಾಯುವುದು. ನೀರು ಆ ಗಾಳಿಯ ಜಾಗ ಹಿಡಿದರೆ, ಅದು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಮಿಗಿಲಾಗಿ ಶಾಖ ಸಾಗಿಸುತ್ತದೆ. ಮೇಲಾಗಿ ಆವಿ ಬೇರೆ. ಆಷಾಢದಲ್ಲಿ ಒಲೆಯ ಮೇಲೆ ಹರವಿದ ಬಟ್ಟೆಯೂ ಒಣಗದ ನಮ್ಮ ನಿಟ್ಟೂರಿನಂಥ ಊರಿನಲ್ಲಿ ಇದು ಸಣ್ಣ ಮಾತಲ್ಲ.

ನಮ್ಮ ಸೊಸೆ ಧಾರವಾಡದ ಕಡೆಯವಳು, ಕೌದಿ ಹೊಲಿಯುವ ಮನೆತನದಿಂದ ಬಂದವಳು. ಪ್ರಸಂಗವನ್ನೆಲ್ಲ ಕೇಳಿ, “ಮಾವಾರ, ಪ್ಯಾಟಿ ಮಾಲು ಬ್ಯಾಡ್ರಿ. ಹಳೀ ಅರಿವಿ ಕೊಡ್ರಿ, ನಾ ಹೊಲೀತೇನಿ” ಎಂದಳು. ಒಡಲಿಗೆ ಏನನ್ನು ತುಂಬಬೇಕೆಂಬ ಚರ್ಚೆ ಎರಡು ದಿನ ನಡೆಯಿತು. ಬೂರುಗದ ಹತ್ತಿಯನ್ನು ನಾವು ಸೂಚಿಸಿದೆವು, ಅವಳು ಒಪ್ಪಲಿಲ್ಲ. ಅದು ಬೇಗ ಹೊತ್ತುತ್ತದೆ, ಒಗೆದರೆ ಗಂಟು ಕಟ್ಟುತ್ತದೆ. ಬಿಡಿ ಅರಳೆಯೂ ಒಂದೆಡೆ ಸರಿದು ಇನ್ನೊಂದೆಡೆ ಬರಿದಾಗುತ್ತದೆ. ಬೆಳ್ಳಿಯಂತೆ ಹೊಳೆಯುವ ತೆಳುಪದರ ಈಗ ಅಂಗಡಿಗಳಲ್ಲಿ ಸಿಗುತ್ತದಷ್ಟೆ; ಅದು ದೂರದಿಂದ ಬೀಸುವ ಕಾವನ್ನು ಹಿಂದಕ್ಕೆ ಅಟ್ಟೀತೇ ಹೊರತು, ಪಾತ್ರೆಗೆ ಒತ್ತಿ ಹಿಡಿದಾಗ ಅದೊಂದರಿಂದಲೇ ರಕ್ಷಣೆಯಿಲ್ಲ.

ಕೊನೆಗೆ ಅಟ್ಟದ ಮೇಲಿನ ಕಂಬಳಿ ನೆನಪಾಯಿತು. ನಮ್ಮ ತಂದೆಯವರು ಗದ್ದೆಗೆ ಹೋಗುವಾಗ ಕೊಪ್ಪೆ ಹಾಕಿಕೊಳ್ಳುತ್ತಿದ್ದ ಕರಿಯ ಕಂಬಳಿ. ಪ್ಲಾಸ್ಟಿಕ್ ಹೊದಿಕೆ ಬಂದ ಮೇಲೆ ಅದನ್ನು ಕೇಳುವವರಿರಲಿಲ್ಲ. ಉಣ್ಣೆ ಕರಗುವುದಿಲ್ಲ, ಕಿಡಿ ಬಿದ್ದರೆ ಕರಿಕಾಗಿ, ಕಮಟು ನಾರಿ, ತಾನೇ ನಂದುವ ಸ್ವಭಾವ ಅದರದು. ಸುರುಳಿ ಸುರುಳಿಯಾದ ಎಳೆಗಳಲ್ಲಿ ಗಾಳಿಯನ್ನೂ ಚೆನ್ನಾಗಿ ಹಿಡಿದಿಡುತ್ತದೆ. ಅದಕ್ಕೆ ಕತ್ತರಿಯಿಡಲು ನಮ್ಮ ಕೈ ಬಾರದೆ, ಮನೆಯವರೇ ನುಸಿ ತಿಂದ ಅಂಚಿನ ಕಡೆಯಿಂದ ಕತ್ತರಿಸಿ ಕೊಟ್ಟರು.

ಒಂದು ಗೇಣು ಚೌಕದ ಕಂಬಳಿ ತುಂಡು. ಅದರ ಎರಡೂ ಬದಿಗೆ ಹಳೆಯ ನೂಲಿನ ಸೀರೆಯ ಎರಡೆರಡು ಪದರ. ಎಲ್ಲವನ್ನೂ ಮೊದಲೇ ಒಗೆದು ಒಣಗಿಸಿದ್ದಾಯಿತು; ಇಲ್ಲವಾದರೆ ಹೊಲಿದ ಮೇಲೆ ಒಂದು ಕುಗ್ಗಿ ಒಂದು ಸುಕ್ಕಾಗುತ್ತದೆ. ಹೊಲಿಯುವ ದಾರವೂ ನೂಲಿನದೇ. ಸಾಲುಗಳ ನಡುವೆ ಎರಡು ಬೆರಳಿನ ಅಂತರ. ಒತ್ತಾಗಿ ಹೊಲಿದರೆ ಪದರಗಳು ಅಮುಕಿ ಗಾಳಿಗೆ ಎಡೆಯಿಲ್ಲದಂತಾಗುತ್ತದೆ. ಇನ್ನೊಂದು ಕಂಬಳಿ ಪದರ ಸೇರಿಸಿದರೆ ಹೇಗೆಂದು ನಾವು ಆಸೆಪಟ್ಟು ಮಾಡಿಸಿದ್ದು ಹಲಗೆಯಂತಾಗಿ, ಪಾತ್ರೆಯ ಅಂಚೇ ಕೈಗೆ ಸಿಗಲಿಲ್ಲ. ಜಾರಿ ಬೀಳುವ ಪಾತ್ರೆ ಸುಡುವ ಪಾತ್ರೆಗಿಂತ ಕೇಡು.

ಕುದಿಯುವ ನೀರಿನ ಬೋಗುಣಿ ಹಿಡಿದು, ಪಂಚಾಕ್ಷರಿಯ ಎಣಿಕೆಯಲ್ಲಿ ಪರೀಕ್ಷಿಸಿದೆವು. ಎರಡು ಮಡಿಕೆಯ ಪಂಚೆ ತುಂಡಿನಲ್ಲಿ ಐದನೆಯ ಜಪಕ್ಕೆ ಕೈ ಬಿಟ್ಟೆವು. ಹೊಸದರಲ್ಲಿ ಇಪ್ಪತ್ತೊಂದಾದರೂ ಬರಿಯ ಬೆಚ್ಚಗೆ. ಒದ್ದೆ ಬಟ್ಟೆಯ ಪರೀಕ್ಷೆ ಮಾಡಲಿಲ್ಲ. ಅದು ಹದಿನಾಲ್ಕನೆಯ ವಯಸ್ಸಿನಲ್ಲೇ ಮುಗಿದಿದೆ.

ಈಗ ಒಲೆಯ ಬಳಿಯ ಮೊಳೆಗೆ ಎರಡು ಜೊತೆ ತೂಗುತ್ತಿವೆ, ಒಂದು ಒಣಗುವಾಗ ಇನ್ನೊಂದು ಕೈಗೆ. ಉಳಿದ ಕಂಬಳಿಯಲ್ಲಿ ಮಠದ ದಾಸೋಹಕ್ಕೆ ನಾಲ್ಕು ಹೊಲಿಯುವಂತೆ ಸೊಸೆಗೆ ಹೇಳಿದ್ದೇವೆ. ಅಲ್ಲಿಯ ತಪ್ಪಲೆಗಳು ಹಿರಿದಾದ್ದರಿಂದ ಗೇಣು ಸಾಲದು, ಮೊಳದುದ್ದ ಬೇಕಾದೀತು.