ಟ್ರೇಲರ್ ಕೊಡುವುದಿಲ್ಲ ಎಂದಾಗ

ಬೈಲಹೊಂಗಲದ ನಮ್ಮ ಓಣಿಯಿಂದ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಮೊದಲು ಕಮಾನು ಕಟ್ಟಿದ ಚಕ್ಕಡಿಗಳು ಹೋಗುತ್ತಿದ್ದವು. ನಂತರ ಟ್ರ್ಯಾಕ್ಟರ್ ಬಂತು. ಭರತ ಹುಣ್ಣಿಮೆ ಹತ್ತಿರವಾದರೆ ಕಬ್ಬು ಹೇರುವ ನಮ್ಮ ಟ್ರೇಲರ್‌ಗೆ ಬಿದಿರಿನ ಕಮಾನು, ತಾಡಪತ್ರಿ ಏರುತ್ತಿದ್ದವು. ಒಳಗೆ ಹುಲ್ಲು, ಅದರ ಮೇಲೆ ಕೌದಿ ಹಾಸಿದರೆ ಅದೇ ಮನೆ. ಪಕ್ಕದ ಮನೆಯವರು ಜೋಗುಳಬಾವಿಯಲ್ಲಿ ಸ್ನಾನ ಮಾಡಿ, ಗುಡ್ಡದಲ್ಲಿ ಪಡ್ಡಲಗಿ ತುಂಬಿಸಿ, ಎರಡು ರಾತ್ರಿ ಅದರಲ್ಲೇ ಮಲಗುತ್ತಿದ್ದರು. ಹರಕೆ ಅವರದು, ಟ್ರೇಲರ್ ನಮ್ಮದು. ಬಾಡಿಗೆಯ ಮಾತೇ ಇರಲಿಲ್ಲ.

ಸರಕಿನ ಟ್ರೇಲರ್‌ನಲ್ಲಿ ಜನರನ್ನು ಕೂರಿಸುವುದು ಕಾನೂನಿಗೆ ವಿರುದ್ಧ. ಅದು ತಿಳಿದೂ ಕೊಡುತ್ತಿದ್ದೆವು. ಒಂದು ವರ್ಷ ಅದೇ ಟ್ರೇಲರ್ ಕಬ್ಬಿನ ಸಮೇತ ಇಳಿಜಾರಿನಲ್ಲಿ ಮಗುಚಿತು. ಅದರಲ್ಲಿ ಮಕ್ಕಳಿದ್ದಿದ್ದರೆ? ಆ ಸಲ ಇಲ್ಲವೆಂದೆವು. ಪಕ್ಕದ ಮನೆಯ ಅಜ್ಜಿ ಬಾಗಿಲಿಗೆ ಬಂದು, "ಯಾಕ ತಮ್ಮಾ, ಈಗ ನಾವು ನಿಮಗ ಬ್ಯಾರೇ ಆದಿವೇನ?" ಎಂದರು. ಕಾಲ ಅಂಥದು. ಇಲ್ಲ ಎಂಬ ಒಂದು ಮಾತಿಗೂ ಧರ್ಮದ ಅರ್ಥ ಹುಟ್ಟಿಕೊಳ್ಳುತ್ತದೆ.

ಕೂತು ಮಾತಾಡಿದೆವು. ಪಾತ್ರೆ, ಕಟ್ಟಿಗೆ, ಹಾಸಿಗೆ ಟ್ರೇಲರ್‌ನಲ್ಲಿ ಹೋದವು, ಜನರು ಬಸ್ಸಿನಲ್ಲಿ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ ಉಚಿತವಾದ್ದರಿಂದ ಖರ್ಚೂ ಹೆಚ್ಚಲಿಲ್ಲ. ಗುಡ್ಡದಲ್ಲಿ ನಿಂತ ಟ್ರೇಲರ್ ಮತ್ತೆ ಮನೆಯಾಯಿತು. ತಿರುಗಿ ಬಂದ ಅಜ್ಜಿ ಎಂದಿನಂತೆ ಹೋಳಿಗೆ ತಂದುಕೊಟ್ಟರು.

ನೆರೆಯವರ ಹಕ್ಕೆಂದರೆ ಕೇಳಿದ್ದನ್ನು ಕೊಡುವುದು ಎಂದಷ್ಟೇ ತಿಳಿದಿದ್ದೆವು. ಅವರ ಜೀವ ಕಾಯುವುದೂ ಅದರಲ್ಲೇ ಸೇರಿದೆ.