ಒತ್ತು, ಹಿಡಿ, ಬಿಡು

ಕಳೆದ ಆಯುಧಪೂಜೆಯ ಹಿಂದಿನ ದಿನ ಮಗನಿಗಿಂತ ಮೊದಲು ಅವನ ಕಾರಿನ ಸದ್ದೇ ನಮ್ಮ ಲಿಂಗದಹಳ್ಳಿಗೆ ಬಂದು ಮುಟ್ಟಿತು. ಕೆಂಪು ಬಣ್ಣದ, ಎರಡೇ ಬಾಗಿಲಿನ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು. ನೋಡಲು ಬೀದಿಯ ಮಕ್ಕಳೆಲ್ಲ ಸೇರಿದರು. ಇಂಥ ತಗ್ಗು ಕಾರಿಗೆ ಕುಂಬಳಕಾಯಿ ಒಡೆಯುವುದು ಹೇಗಪ್ಪಾ ಎಂದು ನಾನು ಯೋಚಿಸುತ್ತಿದ್ದೆ.

ಕಾಫಿ ಕುಡಿಯುತ್ತಾ ಅವನು ಮೆಲ್ಲಗೆ ವಿಷಯ ತೆಗೆದ. "ಹಬ್ಬ ಮುಗಿಸಿ ಕೊಯಮತ್ತೂರಿಗೆ ಹೋಗ್ತೀನಮ್ಮ. ಅಲ್ಲಿ ಚೆಟ್ಟಿಪಾಳ್ಯದಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಅಂತ ರೇಸ್ ಟ್ರ್ಯಾಕ್ ಇದೆ. ಟ್ರ್ಯಾಕ್ ಡೇಗೆ ಹೆಸರು ಕೊಟ್ಟಿದ್ದೀನಿ."

"ರೇಸಾ?"

"ರೇಸಲ್ಲಮ್ಮ. ಗೆಲ್ಲೋದು ಸೋಲೋದು ಏನೂ ಇಲ್ಲ. ದುಡ್ಡು ಕಟ್ಟಿ, ಹೆಲ್ಮೆಟ್ ಹಾಕ್ಕೊಂಡು ನಮ್ಮ ಕಾರನ್ನೇ ಜೋರಾಗಿ ಓಡಿಸೋದು. ಎದುರಿಗೆ ಬಸ್ ಬರಲ್ಲ, ದನ ಅಡ್ಡ ಬರಲ್ಲ. ಆದ್ರೆ ಹೋಗೋ ಮೊದಲು ಬ್ರೇಕ್ ರೆಡಿ ಮಾಡ್ಕೋಬೇಕು. ಅದಕ್ಕೆ ಇನ್ನೊಬ್ಬರು ಬೇಕು. ನೀನೇ ಬಾ."

ಬ್ರೇಕ್ ಎಂಬ ಮಾತು ಕೇಳಿದೊಡನೆ ನನ್ನ ಕೈಯ ಲೋಟ ಅಲ್ಲೇ ನಿಂತಿತು.

1998ರ ಬೇಸಿಗೆ ರಜೆ. ಮಗನಿಗೆ ಎಂಟು ವರ್ಷ. ನಮ್ಮೆಜಮಾನರು ಆಸೆಪಟ್ಟು ತಂದ ಹಳೆಯ ಮಾರುತಿ 800ರಲ್ಲಿ ಮೂವರೂ ಕೆಮ್ಮಣ್ಣುಗುಂಡಿಗೆ ಹೋಗಿದ್ದೆವು. ರಾಜಭವನದ ಮುಂದೆ ಚಿತ್ರಾನ್ನ ತಿಂದು ಮಧ್ಯಾಹ್ನ ಇಳಿಯತೊಡಗಿದೆವು. ಪೆಟ್ರೋಲ್ ಉಳಿಯಲಿ ಎಂದು ಅವರು ನ್ಯೂಟ್ರಲ್‌ನಲ್ಲೇ ಬಿಟ್ಟು, ತಿರುವು ತಿರುವಿಗೂ ಬ್ರೇಕ್ ಒತ್ತುತ್ತಾ ಬಂದರು. ಕಲ್ಲತ್ತಿಗಿರಿ ಇನ್ನೇನು ಬಂತು ಅನ್ನುವಾಗ ಸುಟ್ಟ ವಾಸನೆ. ಮುಂದಿನ ತಿರುವಿನಲ್ಲಿ ಒತ್ತಿದ ಪೆಡಲ್ ಸೀದಾ ನೆಲಕ್ಕೆ ಹೋಯಿತು. "ಬ್ರೇಕ್ ಹಿಡೀತಿಲ್ಲ" ಎಂದವರೇ ಹೇಗೋ ಎರಡನೇ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು ಗುಡ್ಡದ ಕಡೆಯ ಮಣ್ಣಿನ ದಿಬ್ಬಕ್ಕೆ ಕಾರನ್ನು ಒರಗಿಸಿದರು. ಇನ್ನೊಂದು ಕಡೆ ಕಮರಿ. ಯಾರಿಗೂ ಏನೂ ಆಗಲಿಲ್ಲ.

ವಿಚಿತ್ರ ನಡೆದದ್ದು ಆಮೇಲೆ. ಅರ್ಧ ಗಂಟೆ ಕಳೆದು ನೋಡಿದರೆ ಬ್ರೇಕ್ ಸರಿಯಾಗಿತ್ತು! ಮಾರನೆಯ ದಿನ ತೋರಿಸಿದಾಗ ಮೆಕ್ಯಾನಿಕ್ಕು "ಎಲ್ಲಾ ಸರಿಯಿದೆ ಸಾರ್, ಗಾಬ್ರೀಲಿ ಕ್ಲಚ್ ಒತ್ತಿರ್ತೀರಿ" ಎಂದು ನಕ್ಕುಬಿಟ್ಟ. ನೆಂಟರೂ ಅದನ್ನೇ ಹೇಳಿದರು. ಸುಳ್ಳೇಕೆ ಹೇಳಲಿ, ನಾನೂ ಹಾಗೇ ಅಂದುಕೊಂಡಿದ್ದೆ. ಅವರು ವಾದ ಮಾಡಲಿಲ್ಲ. ಆದರೆ ಮತ್ತೆಂದೂ ಆ ಗುಡ್ಡಕ್ಕೆ ಕಾರು ಹತ್ತಿಸಲಿಲ್ಲ. ಮೂರು ವರ್ಷದ ಹಿಂದೆ ತೀರಿಕೊಳ್ಳುವವರೆಗೂ ಆ ಮಾತನ್ನೇ ಎತ್ತಲಿಲ್ಲ.

ಮಗ ಅಂಗಳದಲ್ಲಿ ಕಾರಿಗೆ ಜ್ಯಾಕ್ ಕೊಟ್ಟು, ಕೆಳಗೆ ಗಟ್ಟಿ ಸ್ಟ್ಯಾಂಡ್ ಇಟ್ಟು ಚಕ್ರ ಬಿಚ್ಚಿದ. ಬ್ರೇಕ್ ಡಿಸ್ಕಿನಲ್ಲಿ ಬಿರುಕಿದೆಯೇ ಎಂದು ಬೆರಳಾಡಿಸಿದ. ಎಷ್ಟು ತೆಳುವಾಗುವ ತನಕ ಡಿಸ್ಕ್ ಬಳಸಬಹುದೆಂದು ಅದರ ಮೇಲೇ ಕೊರೆದಿರುತ್ತದಂತೆ, ಅಳೆದು ನೋಡಿದ. ಹಳೇ ಪ್ಯಾಡ್ ತೆಗೆದು ಹೆಚ್ಚು ಕಾವು ತಡೆಯುವ ಬೇರೆ ಪ್ಯಾಡ್ ಕೂರಿಸಿದ. "ಊರೊಳಗೆ ಓಡಿಸೋಕೆ ಇವು ಬೇಡಮ್ಮ. ತಣ್ಣಗಿದ್ದಾಗ ಸರಿಯಾಗಿ ಹಿಡಿಯಲ್ಲ, ಕಿರುಚ್ತವೆ. ಟ್ರ್ಯಾಕಿಂದ ಬಂದ ಮೇಲೆ ಮತ್ತೆ ಹಳೇವನ್ನೇ ಹಾಕ್ತೀನಿ" ಎಂದ.

ಆಮೇಲೆ ನನ್ನ ಕೆಲಸ. ಡ್ರೈವರ್ ಸೀಟಿನಲ್ಲಿ ಕೂತು ಅವನು ಹೇಳಿದಂತೆ ಬ್ರೇಕ್ ಒತ್ತಬೇಕು. "ಒತ್ತು" ಅಂದರೆ ಒತ್ತಬೇಕು. "ಹಿಡಿ" ಅಂದಾಗ ಹಾಗೇ ಹಿಡಿದಿರಬೇಕು. ಆಗ ಅವನು ಚಕ್ರದ ಹತ್ತಿರದ ಪುಟ್ಟ ನಿಪ್ಪಲನ್ನು ಪಾನಾದಿಂದ ಸಡಿಲಿಸುತ್ತಾನೆ. ಪಾರದರ್ಶಕ ಪೈಪಿನಲ್ಲಿ ಹಳೇ ಬ್ರೇಕ್ ಆಯಿಲ್ ಬಾಟಲಿಗೆ ಇಳಿಯುತ್ತದೆ. ನಿಪ್ಪಲ್ ಬಿಗಿದ ಮೇಲೆ "ಬಿಡು". ಅದಕ್ಕೂ ಮೊದಲೇ ಕಾಲು ತೆಗೆದರೆ ಗಾಳಿ ಒಳಗೆ ಹೋಗುತ್ತದೆ. ನಡುನಡುವೆ ಮೇಲಿನ ಡಬ್ಬಿಗೆ ಹೊಸ ಆಯಿಲ್ ತುಂಬುತ್ತಿರಬೇಕು. ಗುಳ್ಳೆ ನಿಂತು ತಿಳಿಯಾದ ಹೊಸ ಆಯಿಲ್ ಬರುವವರೆಗೆ ಹೀಗೇ ನಾಲ್ಕೂ ಚಕ್ರಕ್ಕೆ.

ಬಾಟಲಿಯಲ್ಲಿ ಬಿದ್ದದ್ದು ಕಾಫಿ ಡಿಕಾಕ್ಷನ್ನಿನಂತೆ ಕಪ್ಪಗಿತ್ತು. "ಇಷ್ಟು ಹಾಳಾಗಿತ್ತಾ?" ಎಂದೆ.

"ಬ್ರೇಕ್ ಆಯಿಲ್ ಗಾಳೀಲಿರೋ ನೀರನ್ನ ಹೀರ್ಕೊಳ್ಳುತ್ತಮ್ಮ, ಮಳೆಗಾಲದಲ್ಲಿ ನಿನ್ನ ಉಪ್ಪಿನ ಭರಣಿ ಇದ್ದ ಹಾಗೆ. ಡಾಟ್ 4 ಅನ್ನೋ ಆಯಿಲ್ ಹೊಸದಾಗಿದ್ದಾಗ ಕಡಿಮೆ ಅಂದ್ರೂ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ಅದಕ್ಕೇ ಶೇಕಡಾ 3.7ರಷ್ಟು ನೀರು ಸೇರಿದ್ರೆ 155 ಡಿಗ್ರಿವರೆಗೆ ತಡೆದ್ರೆ ಸಾಕು ಅಂತಾರೆ. ಜೋರಾಗಿ ಬ್ರೇಕ್ ಒತ್ತುತ್ತಾ ಹೋದ್ರೆ ಕಾವು ಅದನ್ನೂ ಮೀರುತ್ತೆ. ಕುದ್ದಾಗ ಆವಿ ಗುಳ್ಳೆ ಏಳುತ್ತೆ. ದ್ರವವನ್ನ ಒತ್ತಿದ್ರೆ ಕುಗ್ಗಲ್ಲ, ಆ ಬಲ ಚಕ್ರಕ್ಕೆ ಹೋಗುತ್ತೆ. ಆವಿ ಕುಗ್ಗುತ್ತೆ. ಪೆಡಲ್ ಸೀದಾ ನೆಲಕ್ಕೆ ಹೋಗುತ್ತೆ, ಕಾರು ಮಾತ್ರ ನಿಲ್ಲಲ್ಲ."

ನಾನು ಪೆಡಲಿನಿಂದ ಕಾಲು ತೆಗೆಯಲಿಲ್ಲ. "ಆಮೇಲೆ?"

"ಆಮೇಲೆ ಆರಿದ ಹಾಗೆ ಆವಿ ಮತ್ತೆ ದ್ರವ ಆಗುತ್ತೆ. ಬ್ರೇಕ್ ತಾನಾಗೇ ಸರಿಯಾಗುತ್ತೆ." ಅವನು ಚಕ್ರದ ಹಿಂದಿನಿಂದ ತಲೆ ಎತ್ತಿದ. "ಅಪ್ಪ ಅವತ್ತು ಕ್ಲಚ್ ಒತ್ತಿರಲಿಲ್ಲಮ್ಮ. ನಾನು ಹಿಂದೆ ಕೂತು ಅವರ ಕಾಲನ್ನೇ ನೋಡ್ತಿದ್ದೆ. ಒತ್ತಿದ್ದು ಬ್ರೇಕೇ."

"ಅವತ್ತೇ ಯಾಕೆ ಹೇಳಲಿಲ್ವೋ?"

"ಹೇಳಿದ್ದೆ. ಮಕ್ಕಳ ಮಾತು ಯಾರು ಕೇಳಿದ್ರು?"

ನನಗೆ ಉತ್ತರ ಹೊಳೆಯಲಿಲ್ಲ. ಆ ಹಳೇ ಕಾರಿನ ಬ್ರೇಕ್ ಆಯಿಲ್ಲನ್ನು ನಾವೆಂದೂ ಬದಲಿಸಿದವರಲ್ಲ, ಬದಲಿಸಬೇಕೆಂದೂ ಗೊತ್ತಿರಲಿಲ್ಲ. ನ್ಯೂಟ್ರಲ್‌ನಲ್ಲಿ ಇಳಿದದ್ದು ಅವರ ತಪ್ಪೇ. ಆದರೆ ಮಾಡದ ತಪ್ಪನ್ನೂ ಅವರು ಸುಮ್ಮನೆ ಹೊತ್ತುಕೊಂಡಿದ್ದರು.

ರಾತ್ರಿ ಮಗ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದ. ಒಂದು ಟನ್ ತೂಕದ ಕಾರು 700 ಮೀಟರ್ ಎತ್ತರದಿಂದ ಬರೀ ಬ್ರೇಕ್ ಮೇಲೆ ಇಳಿದರೆ, ಅದರಿಂದ ಹುಟ್ಟುವ ಕಾವಿನಲ್ಲಿ ಸುಮಾರು ಇಪ್ಪತ್ತು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದಂತೆ. ಅಂದರೆ ಒಂದು ದೊಡ್ಡ ಹಂಡೆ ಸ್ನಾನದ ನೀರು! ಕಾರನ್ನು ಗೇರಿನಲ್ಲಿ ಇಳಿಸಿದರೆ ಆ ಭಾರದಲ್ಲಿ ಒಂದು ಪಾಲನ್ನು ಎಂಜಿನ್ನೇ ಹೊರುತ್ತದೆ. ಟ್ರ್ಯಾಕಿನಲ್ಲಿ ಗಂಟೆಗೆ 140 ಕಿಲೋಮೀಟರಿನಿಂದ 60ಕ್ಕೆ ಒಮ್ಮೆಗೇ ಇಳಿಸಬೇಕು. ಹಾಗೆ ಹನ್ನೊಂದು ಸಲ ಮಾಡಿದರೆ ಇಡೀ ಘಾಟಿ ಇಳಿದಷ್ಟೇ ಕಾವು. "ಅದಕ್ಕೇ ಕೊನೇ ಸುತ್ತು ನಿಧಾನವಾಗಿ ಬಂದು ಬ್ರೇಕ್ ಆರಿಸಬೇಕು. ನಿಲ್ಲಿಸಿದ ಮೇಲೂ ಹ್ಯಾಂಡ್‌ಬ್ರೇಕ್ ಹಾಕಬಾರದು. ಕಾದ ಪ್ಯಾಡ್ ಡಿಸ್ಕಿಗೆ ಅಂಟುತ್ತೆ. ಗೇರಲ್ಲಿಟ್ಟು ಚಕ್ರಕ್ಕೆ ಅಡ್ಡ ಕೊಡಬೇಕು."

"ಇಷ್ಟೆಲ್ಲ ಯಾವಾಗ ಕಲಿತೆಯೋ?"

"ಆವತ್ತಿಂದಾನೇ ಅಮ್ಮ" ಎಂದ.

ಹಬ್ಬ ಮುಗಿಸಿ ಹೊರಟ. ಬೇಡ ಅನ್ನಲು ಬಾಯಿ ಬರಲಿಲ್ಲ. ವೇಗದ ಹುಚ್ಚಿಗೆ ಹೋಗುವವನಾದರೆ ನನಗೆ ಭಯವಿತ್ತು. ಇವನು ಮೊದಲು ನಿಲ್ಲುವುದನ್ನು ಕಲಿತವನು. ಆದರೂ ಆ ದಿನ ಸಂಜೆ "ಮುಗೀತಮ್ಮ, ಊಟಕ್ಕೆ ಹೋಗ್ತಿದ್ದೀವಿ" ಎಂದು ಅವನ ಫೋನ್ ಬರುವವರೆಗೆ ನನ್ನ ಬಲಗಾಲು ಸುಮ್ಮಸುಮ್ಮನೆ ನೆಲ ಒತ್ತುತ್ತಲೇ ಇತ್ತು.

ಮಾರನೆಯ ವಾರ ನನ್ನ ಸಣ್ಣ ಕಾರನ್ನು ಗ್ಯಾರೇಜಿಗೆ ಕೊಂಡೊಯ್ದು "ಬ್ರೇಕ್ ಆಯಿಲ್ ಪೂರ್ತಿ ಬದಲಿಸಪ್ಪ" ಎಂದೆ. ಹುಡುಗ ನಕ್ಕ. "ಏನಮ್ಮಾ, ನೀವೂ ರೇಸಿಗೆ ಹೊರಟ್ರಾ?"

"ಇಲ್ಲಪ್ಪ, ಕೆಮ್ಮಣ್ಣುಗುಂಡಿಗೆ" ಎಂದೆ. "ಇಪ್ಪತ್ತೇಳು ವರ್ಷ ಆಯ್ತು ಹೋಗಿ."