ಡ್ಯಾನ್ಯೂಬ್ ದಂಡೆಯ ಕಾವಲು

ನದಿಯು ನಾಡನ್ನು ಪೋಷಿಸುತ್ತದೆ. ಕೆಲವೊಮ್ಮೆ ಅದನ್ನು ಕಾಯುವುದೂ ಉಂಟು. ಯುರೋಪಿನ ಡ್ಯಾನ್ಯೂಬ್ ನದಿಯು ರೋಮನ್ ಸಾಮ್ರಾಜ್ಯಕ್ಕೆ ಶತಮಾನಗಳ ಕಾಲ ಉತ್ತರ ದಿಕ್ಕಿನ ಕಂದಕವಾಗಿತ್ತು.

ಅದರ ದಂಡೆಯುದ್ದಕ್ಕೂ ರೋಮನರು ದಂಡಿನ ಪಾಳೆಯಗಳನ್ನೂ ಕಾವಲುಗೋಪುರಗಳನ್ನೂ ಕಟ್ಟಿ, ಅವುಗಳನ್ನು ರಸ್ತೆಗಳಿಂದ ಬೆಸೆದರು. ನೀರಿನಲ್ಲಿ ನೌಕಾಪಡೆ ಕಾವಲು ತಿರುಗುತ್ತಿತ್ತು. ರೋಮ್ ನಗರದಲ್ಲಿ ಇಂದಿಗೂ ನಿಂತಿರುವ ಟ್ರೇಜನನ ಸ್ತಂಭದ ಬುಡದಲ್ಲಿ, ಪಂಜುಗಳನ್ನು ಹೊರಚಾಚಿದ ಈ ಗೋಪುರಗಳ ಕೆತ್ತನೆಯನ್ನು ಕಾಣಬಹುದು. ಪಾಳೆಯಗಳ ಬಳಿ ವ್ಯಾಪಾರಿಗಳೂ ಕುಶಲಕರ್ಮಿಗಳೂ ನೆಲೆಸಿದರು. ಇಂದಿನ ವಿಯೆನ್ನಾ, ಬುಡಾಪೆಸ್ಟ್, ಬೆಲ್‌ಗ್ರೇಡ್ ನಗರಗಳ ನೆಲದಲ್ಲಿ ಅಂದು ಇಂತಹ ಪಾಳೆಯಗಳಿದ್ದುವು.

ಚಳಿಗಾಲದಲ್ಲಿ ನದಿಯು ಹೆಪ್ಪುಗಟ್ಟಿದರೆ ಕಂದಕವೇ ಹಾದಿಯಾಗುತ್ತಿತ್ತು. ಆಗ ಸೈನಿಕರ ಎಚ್ಚರವೊಂದೇ ನಾಡಿಗೆ ರಕ್ಷೆ.

ಕ್ರಿ.ಶ. 376ರಲ್ಲಿ ಹೂಣರ ಹಾವಳಿಗೆ ಬೆದರಿದ ಗಾಥ್ ಜನರು ಮಡದಿ ಮಕ್ಕಳೊಡನೆ ಎದುರು ದಡಕ್ಕೆ ಬಂದು ಆಶ್ರಯ ಬೇಡಿದರು. ಚಕ್ರವರ್ತಿ ವೇಲೆನ್ಸನು ಸಮ್ಮತಿಸಿದನು. ಆದರೆ ಗಡಿಯ ಅಧಿಕಾರಿಗಳು ಅವರ ಹಸಿವನ್ನೇ ವ್ಯಾಪಾರ ಮಾಡಿಕೊಂಡರು. ನಾಯಿಗಳನ್ನು ಆಹಾರವಾಗಿ ಕೊಟ್ಟು, ಪ್ರತಿಯಾಗಿ ಅವರ ಮಕ್ಕಳನ್ನು ಗುಲಾಮರನ್ನಾಗಿ ಪಡೆದರೆಂದು ಅಂದಿನ ಇತಿಹಾಸಕಾರ ಅಮಿಯಾನಸನು ಬರೆದಿದ್ದಾನೆ. ನೊಂದವರು ದಂಗೆಯೆದ್ದರು. 378ರಲ್ಲಿ ಏಡ್ರಿಯಾನೋಪಲ್ ಯುದ್ಧದಲ್ಲಿ ಸೇನೆಯ ಬಹುಭಾಗದೊಡನೆ ವೇಲೆನ್ಸನೂ ಮಡಿದನು.

ಈ ಗಡಿಯ ಪಶ್ಚಿಮ ಭಾಗವು 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಉಳಿದಿರುವ ಕಲ್ಲುಗಳು ರೋಮನರ ಶ್ರಮಕ್ಕೂ ಜಾಣ್ಮೆಗೂ ಸಾಕ್ಷಿಯಾಗಿವೆ. ಗೋಪುರದ ಮೇಲೆ ಎಚ್ಚರವಾಗಿದ್ದ ಸಾಮ್ರಾಜ್ಯವು ಕಣಜದ ಬಾಗಿಲಲ್ಲಿ ಎಚ್ಚರ ತಪ್ಪಿತು. ನ್ಯಾಯವಿಲ್ಲದ ಕಡೆ ನದಿಯಾಗಲಿ ಕೋಟೆಯಾಗಲಿ ಬಹುಕಾಲ ಕಾಯಲಾರದು.